ದೂರ ಹೋದ ಅಪ್ಪನ ಪಾಲು

ಸೊಟ್ಟ ಸಾಲು ಕಂಡರೆ ನನಗೆ ಈಗಲೂ ತಡೆಯುವುದಿಲ್ಲ. ಗೋಡೆಯ ಮೇಲಿನ ಕ್ಯಾಲೆಂಡರು ಒಂದು ಬೆರಳಷ್ಟು ವಾಲಿದ್ದರೂ ಎದ್ದು ಹೋಗಿ ನೆಟ್ಟಗೆ ಮಾಡಿ ಬರುತ್ತೇನೆ. ಬೇರೆಯವರ ಮನೆಯಲ್ಲೂ ಹಾಗೆ ಮಾಡಿ ಮುಜುಗರಪಟ್ಟಿದ್ದೇನೆ. ಈ ಚಟ ಅಪ್ಪನಿಂದ ಬಂದದ್ದು. ಅವರು ಬೆಳಗಾವಿಯ ಕ್ಯಾಂಪು ಪ್ರದೇಶದ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಗೆರೆಯಿಲ್ಲದ ಕಾಗದದ ಮೇಲೆ ಬರೆದರೂ ಅವರ ಸಾಲು ಹಗ್ಗ ಹಿಡಿದು ಎಳೆದಂತೆ ನೇರ. ಅಂಥವರ ಮಗಳಾದ ನಾನು ನೌಕರಿಗೆ ಸೇರಿದ ಮೊದಲ ವರ್ಷವೇ ಒಂದು ಸೊಟ್ಟ ಸಾಲನ್ನು ಅಳಿಸಿ, ಒಬ್ಬ ಮುದುಕಿಯಿಂದ ಇಡೀ ಶಾಲೆಯ ಮುಂದೆ ಬೈಸಿಕೊಂಡೆ. ಅಷ್ಟು ಸಂತೋಷ ಕೊಟ್ಟ ಬೈಗುಳ ನನ್ನ ಜೀವಮಾನದಲ್ಲಿ ಇನ್ನೊಂದಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಖಾನಾಪುರದ ಹತ್ತಿರದ ಒಂದು ಹಳ್ಳಿಯ ಕನ್ನಡ ಶಾಲೆಗೆ ನನ್ನ ನೇಮಕವಾಗಿತ್ತು. ನಮ್ಮ ಮನೆ ಬೆಳಗಾವಿಯ ಶಿವಬಸವ ನಗರದಲ್ಲಿ. ಬೆಳಿಗ್ಗೆ ಬಸ್ಸು ಹಿಡಿದು ಟೇಶನ್ನಿಗೆ, ಅಲ್ಲಿಂದ ಪ್ಯಾಸೆಂಜರ್ ಗಾಡಿಯಲ್ಲಿ ಖಾನಾಪುರಕ್ಕೆ, ಅಲ್ಲಿ ಇಳಿದು ಅರ್ಧ ತಾಸು ಕೆಸರಿನಲ್ಲಿ ನಡಿಗೆ. ಅವ್ವ ದಿನಾ ಬುತ್ತಿ ಕಟ್ಟುತ್ತ, "ಒಂದ ವರ್ಷ ತಡಕೋವಾ, ಆಮ್ಯಾಲ ಊರಾಗ ವರ್ಗಾ ಮಾಡಿಸ್ಕೋಬಹುದು" ಅನ್ನುತ್ತಿದ್ದಳು. ನಾನು ಒಂಬತ್ತು ವರ್ಷ ಅಲ್ಲೇ ಇದ್ದೆ. ಅದಕ್ಕೆ ಕಾರಣ ಕೇಳಿದರೆ ಈಗ ಹೇಳಹೊರಟ ಕಥೆಯನ್ನೇ ಹೇಳಬೇಕು.

ನನಗೆ ಕೊಟ್ಟದ್ದು ಎರಡನೆಯ ಮತ್ತು ಮೂರನೆಯ ಇಯತ್ತೆ, ಎರಡೂ ಒಂದೇ ಕೋಣೆಯಲ್ಲಿ. ಅರ್ಧ ಮಕ್ಕಳು ಮನೆಯಲ್ಲಿ ಮರಾಠಿ ಆಡುವವರು, ಉಳಿದರ್ಧ ಕನ್ನಡ. ಬಯಲಿಗೆ ಬಿಟ್ಟರೆ ಎಲ್ಲರೂ ಎರಡನ್ನೂ ಕಲಸಿ ಆಡುವವರು. ಮೊದಲ ದಿನ ಒಬ್ಬಳು ಹುಡುಗಿಯನ್ನು ಎಬ್ಬಿಸಿ ಓದು ಅಂದೆ. ಗಡಗಡ ಓದಿದಳು. ಎಷ್ಟು ಚೆಂದ ಓದುತ್ತಾಳೆ ಅಂದುಕೊಂಡು ಹತ್ತಿರ ಹೋಗಿ ನೋಡಿದರೆ ಪುಸ್ತಕ ತಲೆಕೆಳಗಾಗಿತ್ತು. ಹಿಂದಿನ ವರ್ಷದ ಮಕ್ಕಳಿಂದ ಕೇಳಿ ಕೇಳಿ ಪಾಠಗಳೆಲ್ಲ ಇಡೀ ತರಗತಿಗೆ ಬಾಯಿಪಾಠ ಆಗಿದ್ದವು. ಅಕ್ಷರ ಬಲ್ಲವರು ನಾಲ್ಕೈದು ಜನ, ಅಷ್ಟೇ. ಆ ದಿನ ಗಾಡಿಯಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತು ಅತ್ತದ್ದು ನೆನಪಿದೆ. ಸಿಟ್ಟು ಬಂದಾಗ ನನಗೆ ಅಳುವೂ ಬರುತ್ತದೆ, ಅದೊಂದು ಬೇರೆ ಪೀಡೆ.

ಪುಸ್ತಕದಲ್ಲಿ ಹಡಗಿನ ಮೇಲೊಂದು ಪಾಠವಿತ್ತು. ಹಡಗು ಅಂದರೆ ಏನು ಅಂತ ಅವರಿಗೆ ತಿಳಿಸುವಷ್ಟರಲ್ಲಿ ನನಗೇ ಸಾಕಾಗಿ ಹೋಯಿತು. ಮರುದಿನ ಕಾರಹುಣ್ಣಿವೆ. ಹಬ್ಬ ಮುಗಿಸಿ ಬಂದ ಮಕ್ಕಳನ್ನು ಸುಮ್ಮನೆ, "ನಿಮ್ಮ ಮನ್ಯಾಗ ನಿನ್ನೆ ಏನೇನ ಮಾಡಿದ್ರಿ?" ಅಂತ ಕೇಳಿದೆ. ಅಲ್ಲಿಯವರೆಗೆ ಬಾಯಿ ಬಿಡದಿದ್ದ ತರಗತಿ ಸಂತೆಯಾಯಿತು. ಯಾರ ಮನೆಯ ಎತ್ತಿಗೆ ಯಾವ ಬಣ್ಣ ಹಚ್ಚಿದರು, ಯಾರ ಎತ್ತು ಓಟದಲ್ಲಿ ಮುಂದೆ ಬಂದು ಕರಿ ಹರಿಯಿತು, ಯಾರ ಎತ್ತು ಹಗ್ಗ ಕಿತ್ತುಕೊಂಡು ಗದ್ದೆಗೆ ಓಡಿತು. ಅವರು ಹೇಳಿದ್ದನ್ನೇ ಹೇಳಿದಂತೆ ಹಲಗೆಯ ಮೇಲೆ ಬರೆದೆ. "ನಮ್ಮ ಎತ್ತಿನ ಕೋಡು ಕೆಂಪು." ತಾವು ಆಡಿದ ಮಾತು ಹಲಗೆಯ ಮೇಲೆ ಕೂತಿದೆ ಅಂತ ಗೊತ್ತಾದಾಗ ಆ ಮಕ್ಕಳು ಅದನ್ನು ನೋಡಿದ ರೀತಿ ನೋಡಿ ನಾನು ಹಡಗಿನ ಪಾಠವನ್ನು ಟ್ರಂಕಿಗೆ ಹಾಕಿದೆ.

ಅಲ್ಲಿಂದ ಹಬ್ಬ, ಹರಕೆ, ಸಂಪ್ರದಾಯಗಳೇ ನಮ್ಮ ಪಾಠವಾದವು. ನಾನೊಂದು ಕಥೆ ಹೇಳಬೇಕು, ಮಕ್ಕಳು ಮನೆಯ ಹಿರಿಯರನ್ನು ಕೇಳಿ ಅದಕ್ಕೆ ಸೇರಿದ ಒಂದೊಂದು ಮಾತು ತರಬೇಕು. ಹಳೆಯ ಕ್ಯಾಲೆಂಡರಿನ ಹಿಂಬದಿಯನ್ನು ಚೀಟಿಗಳಾಗಿ ಕತ್ತರಿಸಿ, ತಂದ ಮಾತನ್ನು ಬರೆದು ಬಿಸ್ಕೀಟಿನ ಡಬ್ಬಿಗೆ ಹಾಕುತ್ತಿದ್ದೆ. ಮರುದಿನ ಯಾರ ಕೈಗೆ ಯಾವ ಚೀಟಿ ಬರುತ್ತದೋ ಅದನ್ನು ಅವರು ಓದಬೇಕು. ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣಿನಿಂದ ಎತ್ತು ಮಾಡುವ ಕಥೆ ಹೇಳುವಾಗ, ಪಟ್ಟಣದಲ್ಲಿ ಬೆಳೆದ ನಾನು ಎತ್ತುಗಳ ಮುಂದೆ ಗ್ವಾದಲಿ ಇಡುವುದನ್ನು ಮರೆತುಬಿಟ್ಟೆ. "ಅಕ್ಕೋರ, ಎತ್ತ ಏನ ತಿನಬೇಕ್ರಿ?" ಅಂತ ಎದ್ದು ಕೇಳಿದರು. ಗ್ವಾದಲಿ ಅಂದರೆ ದನಗಳಿಗೆ ಮೇವು ಹಾಕುವ ಜಾಗ. ಅದನ್ನು ನನಗೆ ಕಲಿಸಿದ್ದು ಎಂಟು ವರ್ಷದ ಮಕ್ಕಳು, ಕಲಿಸಿದ ಮೇಲೆ ವಾರಗಟ್ಟಲೆ ನನ್ನನ್ನು ಕಾಡಿಸಿದರು ಕೂಡ.

ನಮ್ಮ ಹೆಡ್ ಮಾಸ್ತರರು ನಿವೃತ್ತಿಯ ಅಂಚಿನಲ್ಲಿದ್ದ ಒಳ್ಳೆಯ ಜೀವ. ಬಾಗಿಲಲ್ಲಿ ನಿಂತು, "ಅಕ್ಕೋರ, ಇನ್ಸ್‌ಪೆಕ್ಟರ್ ಸಾಹೇಬ್ರು ಬಂದು ಪಾಠ ಎಲ್ಲಿ ಅಂದ್ರ ಏನ ತೋರಸೋರು? ಉಂಡಿ ತೋರಸ್ತೀರೋ, ಹೋಳಿಗಿ ತೋರಸ್ತೀರೋ?" ಅನ್ನುತ್ತಿದ್ದರು. "ಎರಡೂ ತೋರಸ್ತೀನ್ರಿ ಸರ್, ಓದಿ ಆದಮ್ಯಾಲ ತಿನಸ್ತೀನಿ" ಅನ್ನುತ್ತಿದ್ದೆ.

ಜುಲೈ ಮುಗಿಯುವ ಹೊತ್ತಿಗೆ ಡಬ್ಬಿ ತುಂಬಿತ್ತು, ಬಹುತೇಕ ಮಕ್ಕಳು ಚೀಟಿ ಓದುತ್ತಿದ್ದರು. ಒಬ್ಬಳನ್ನು ಬಿಟ್ಟು.

ಅವಳು ಮೂರನೆಯ ಇಯತ್ತೆ. ಕುರಿ ಕಾಯುವವರ ಮನೆಯ ಹುಡುಗಿ. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಮೂಲೆಯ ಗೋಡೆಗೆ ಬೆನ್ನು ಹಚ್ಚಿ ಕೂರುವುದು, ಏನು ಕೇಳಿದರೂ ಕಾಲಿನ ಹೆಬ್ಬೆರಳು ನೋಡುವುದು. ಖಾನಾಪುರದ ಮಳೆಯನ್ನು ಕುರಿಗಳು ತಾಳುವುದಿಲ್ಲ. ಅದಕ್ಕೆ ಅವಳ ಅಪ್ಪ ಮಳೆಗಾಲ ಶುರುವಾಗುವ ಮೊದಲೇ ಹಿಂಡು ಹೊಡೆದುಕೊಂಡು ಮಳೆ ಕಡಿಮೆ ಇರುವ ಮೂಡಣ ಕಡೆಗೆ, ಸಾಂಬ್ರಾದ ಆಚೆಯ ಹೊಲಗಳಿಗೆ ಹೋಗುತ್ತಿದ್ದ, ದೀಪಾವಳಿಯ ಹೊತ್ತಿಗೆ ತಿರುಗಿ ಬರುತ್ತಿದ್ದ. ಅವಳ ಅವ್ವ ಆ ವರ್ಷ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಮನೆಯಲ್ಲಿ ಹುಡುಗಿ ಮತ್ತು ಅವಳ ಆಯಿ, ಅಂದರೆ ಅಪ್ಪನ ತಾಯಿ, ಇಬ್ಬರೇ.

ಒಂದು ದಿನ ಆಯಿ ಮೊಮ್ಮಗಳನ್ನು ಮುಂದೆ ಮಾಡಿಕೊಂಡು ಶಾಲೆಗೆ ಬಂದಳು. ತಲೆಯ ಮೇಲೆ ಕಂಬಳಿ ಕೊಪ್ಪೆ, ದನಿ ಗುಡುಗು.

"ಎರಡ ವರ್ಷಾತ್ರಿ ಅಕ್ಕೋರ, ಸಾಲಿಗೆ ಬರಾಕ ಹತ್ತಿ. ಒಂದ ಅಕ್ಷರಾ ಬರೂದಿಲ್ಲ. ಅಲ್ಲಿ ನನ್ನ ಮಗಾ ಒಬ್ಬಾವಽ ಹಿಂಡಿನ ಕೂಡ ಒದ್ದಾಡಾಕ ಹತ್ಯಾನ. ಈಕಿನ್ನ ಅವನ ಕಡೆ ಕಳಿಸಿದ್ರ ಮರಿಗೋಳನ್ನರೆ ನೋಡ್ಕೋತಾಳ."

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ನಾಗರ ಪಂಚಮಿ ತನಕಾ ಬಿಡ್ರಿ ಆಯಿ. ಅಷ್ಟರೊಳಗ ಈಕಿಗೆ ಓದಾಕ ಬರಲಿಲ್ಲಂದ್ರ ನಾನಽ ಕೈ ಹಿಡದು ಕರಕೊಂಡು ಬಂದು ನಿಮ್ಮ ಮನ್ಯಾಗ ಬಿಡ್ತೀನಿ" ಅಂದುಬಿಟ್ಟೆ.

ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಆತು. ಮಾತಂದ್ರ ಮಾತು. ಪಂಚಮಿಯೊಳಗ ಓದಿದ್ಲಂದ್ರ ಸಾಲಿ, ಇಲ್ಲಂದ್ರ ಕುರಿ."

ಹುಡುಗಿ ಅಜ್ಜಿಯ ಕಂಬಳಿಯ ಅಂಚು ಹಿಡಿದು ಎಲ್ಲವನ್ನೂ ಕೇಳಿಸಿಕೊಳ್ಳುತ್ತ ನಿಂತಿದ್ದಳು. ಆ ಹೊತ್ತಿನಲ್ಲಿ ನಾನು ಅವಳ ಮುಖ ನೋಡಬೇಕಿತ್ತು, ನೋಡಲಿಲ್ಲ.

ಅಂದಿನಿಂದ ಅವಳನ್ನು ನನ್ನ ಕುರ್ಚಿಯ ಬಾಜು ಕೂರಿಸಿಕೊಂಡೆ. ಅವಳಿಗಾಗಿಯೇ ಬೇರೆ ಚೀಟಿ ಬರೆದೆ: ಕುರಿ, ಮರಿ, ಉಣ್ಣೆ, ಕಂಬಳಿ. ಬೆರಳು ಹಿಡಿದು ಅಕ್ಷರದ ಮೇಲೆ ತಿರುಗಿಸಿದೆ. ಮುದ್ದು ಮಾಡಿದೆ, ಗದರಿದೆ, ಶೇಂಗಾ ಉಂಡೆ ಕೊಟ್ಟೆ. ಉಂಡೆ ತಿಂದಳು, ಬಾಯಿಂದ ಮಾತು ಮಾತ್ರ ಹೊರಬರಲಿಲ್ಲ. ಹೆಡ್ ಮಾಸ್ತರರು, "ಕೋಣನ ಮುಂದ ಕಿನ್ನರಿ ಬಾರಿಸಿದಂಗ ಆತಲ್ರಿ ಅಕ್ಕೋರ" ಅಂದಾಗ ನಾನು ಎರಡು ದಿನ ಅವರ ಜೊತೆ ಮಾತು ಬಿಟ್ಟೆ. ಆದರೆ ಒಳಗೊಳಗೆ ನನಗೂ ಭಯ ಹತ್ತಿತ್ತು. ಸೋಲುವ ಭಯ ಅಂತ ಒಪ್ಪಿಕೊಳ್ಳುತ್ತೇನೆ. ಹುಡುಗಿಯ ಓದು ತಪ್ಪುತ್ತದೆ ಅನ್ನುವುದರ ಜೊತೆ, ಮುದುಕಿಯ ಮುಂದೆ ನನ್ನ ಮಾತು ಬೀಳುತ್ತದೆ ಅನ್ನುವುದೂ ಅದರಲ್ಲಿತ್ತು.

ಪಂಚಮಿಯ ಪಾಠ ಬಂತು. ಅದಕ್ಕೆ ನಾನು ಹೇಳಿದ್ದು ನಮ್ಮ ಅವ್ವ ಹಾಲೆರೆಯುವ ಕಥೆ. ಮಣ್ಣಿನ ನಾಗಪ್ಪನ ಮುಂದೆ ಮನೆಯವರೆಲ್ಲ ಕೂತು, ಕೊಬ್ಬರಿ ಬಟ್ಟಲಿನಲ್ಲಿ ಹಾಲು ತೆಗೆದುಕೊಂಡು, ಒಂದೊಂದು ಸಲ ಎರೆಯುವಾಗಲೂ ಒಬ್ಬೊಬ್ಬರ ಪಾಲು ಹೇಳಬೇಕು. ದೇವರ ಪಾಲು, ಗುರುವಿನ ಪಾಲು, ಅವ್ವನ ಪಾಲು, ಅಪ್ಪನ ಪಾಲು. ಹೀಗೆ ಮನೆಯವರನ್ನೆಲ್ಲ ಹೇಳಿ, ದನಕರುಗಳನ್ನೂ ಸೇರಿಸಬೇಕು. ಯಾರನ್ನೂ ಬಿಡುವಂತಿಲ್ಲ, ಬಿಟ್ಟರೆ ಅಪಶಕುನ. ಊರಲ್ಲಿ ಇಲ್ಲದವರನ್ನಂತೂ ನೆನಪಿಟ್ಟು ಹೇಳಬೇಕು, ಅವರು ಎಲ್ಲಿದ್ದರೂ ತಣ್ಣಗಿರಲಿ ಅಂತ. ಆ ಹಳ್ಳಿಯ ಎಷ್ಟೋ ಮನೆಗಳಲ್ಲಿ ಇದೇ ಪದ್ಧತಿ ಇತ್ತು. ಓದು ಕಲಿಸುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಎಲ್ಲಿ ಸಿಗಬೇಕು? ಪ್ರತಿ ಸಾಲಿನಲ್ಲೂ ಕೊನೆಯ ಶಬ್ದ ಒಂದೇ, ಮೊದಲಿನದಷ್ಟೇ ಬೇರೆ. ಮಕ್ಕಳು ಒಂದೇ ದಿನದಲ್ಲಿ ಐದಾರು ಸಾಲು ಓದಿದರು.

ಮರುದಿನ ಮಧ್ಯಾಹ್ನದ ಸೂಟಿಯಲ್ಲಿ ಹೊಸ ಸಾಲುಗಳನ್ನು ಹಲಗೆಯ ಮೇಲೆ ಬರೆಯತೊಡಗಿದೆ. ಹೊರಗೆ ಧೋ ಎಂದು ಮಳೆ. ಮಕ್ಕಳೆಲ್ಲ ಊಟಕ್ಕೆ ಮನೆಗೆ ಓಡಿದ್ದರು. ಮನೆ ದೂರವಾದ್ದರಿಂದ ಆ ಹುಡುಗಿಯೊಬ್ಬಳು ಮೂಲೆಯಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದಳು. ಅಣ್ಣನ ಪಾಲು, ಆಕಳ ಪಾಲು ಅಂತ ಬರೆದು, ಜಾಣ ಮಕ್ಕಳಿಗೆ ಒಂದು ಉದ್ದ ಸಾಲು ಇರಲಿ ಅಂತ "ದೂರ ಹೋದ ಅಪ್ಪನ ಪಾಲು" ಅಂತ ಬರೆದೆ. ಹಿಂದೆ ಸರಿದು ನೋಡಿದರೆ ಸಾಲು ಕೆಳಗೆ ಇಳಿದಿತ್ತು, ಕೊನೆಯ ಶಬ್ದ ಹಲಗೆಯ ಚೌಕಟ್ಟಿಗೆ ತಾಗಿತ್ತು. ನನಗೆ ತಡೆಯುತ್ತದೆಯೇ? ಒದ್ದೆ ಅರಿವೆ ತೆಗೆದುಕೊಂಡು ಪೂರಾ ಸಾಲು ಒರೆಸಿ, ಅದೇ ಜಾಗದಲ್ಲಿ ನೆಟ್ಟಗೆ, ಚಿಕ್ಕದಾಗಿ "ಬೆಕ್ಕಿನ ಪಾಲು" ಅಂತ ಬರೆದೆ. ಮಧ್ಯಾಹ್ನ ಮಕ್ಕಳು ಬೆಕ್ಕಿನ ಪಾಲು ಓದಿ ಬಿದ್ದು ಬಿದ್ದು ನಕ್ಕರು. ಒಳ್ಳೆಯ ಪಾಠವಾಯಿತು ಅಂತ ನಾನೂ ಖುಷಿಯಲ್ಲೇ ಮನೆಗೆ ಬಂದೆ.

ಮರುದಿನ ಹುಡುಗಿ ಬರಲಿಲ್ಲ. ಅದರ ಮರುದಿನ, ಪಂಚಮಿಗೆ ಇನ್ನೊಂದೇ ದಿನ ಇರುವಾಗ, ಪ್ರಾರ್ಥನೆ ಮುಗಿಯುವ ಹೊತ್ತಿಗೆ ಅವಳ ಆಯಿ ಬಂದಳು. ಮೊಮ್ಮಗಳ ರಟ್ಟೆ ಹಿಡಿದಿದ್ದಳು. ಶಾಲೆಯ ಮಕ್ಕಳೆಲ್ಲ ಪಡಸಾಲೆಯಲ್ಲಿ ಸಾಲಾಗಿ ನಿಂತಿದ್ದರು, ಹೆಡ್ ಮಾಸ್ತರರೂ ಇದ್ದರು.

"ಅಕ್ಕೋರ, ನನ್ನ ಮಗಾ ನಿಮಗೇನ ಮಾಡಿದ್ದಾ?"

ನನಗೆ ತಲೆಬುಡ ತಿಳಿಯಲಿಲ್ಲ. "ಏನಾತ್ರಿ ಆಯಿ? ಕುಂದರ್ರಿ ಮೊದಲ."

"ಕುಂದರಾಕ ಬಂದಿಲ್ಲ ನಾ! ಮಳ್ಯಾಗ, ಗಾಳ್ಯಾಗ ಪರದೇಶಿ ಹಂಗ ಕುರಿ ಹಿಂದ ತಿರಗತಾನ ನನ್ನ ಕೂಸು. ಎರಡ ತಿಂಗಳಾತು, ಒಂದ ಸುದ್ದಿ ಇಲ್ಲ. ಅಂಥಾವನ ಪಾಲು ಬರದು ಅಳಸ್ತೀರೇನ್ರಿ? ಹಬ್ಬ ಮುಂದ ಇಟಗೊಂಡು? ಅಳಿಸಿದ್ದಽ ಅಲ್ಲದ, ಬೆಕ್ಕಿಗೆ ಕೊಟ್ಟೀರಿ! ನನ್ನ ಮಗನ ಪಾಲು ಬೆಕ್ಕಿಗೆ!"

ಮಕ್ಕಳು ಕಿಸಕ್ಕೆಂದವು. ಹೆಡ್ ಮಾಸ್ತರರು ಕೆಮ್ಮಿದರು. ನನಗೆ ಆಗ ಆ ಒದ್ದೆ ಅರಿವೆ, ಇಳಿದುಹೋದ ಆ ಸಾಲು ನೆನಪಾಯಿತು. ಊರಲ್ಲಿ ಇಲ್ಲದವರ ಪಾಲನ್ನು ಹೇಳಿ ತಿರುಗಿ ತೆಗೆದುಕೊಳ್ಳುವುದೆಂದರೆ ಏನು ಅಂತ ನಾನೂ ಬಲ್ಲೆ. ನಮ್ಮ ಅವ್ವನೆದುರು ಯಾರಾದರೂ ಹಾಗೆ ಮಾಡಿದ್ದರೆ ಅವಳೂ ಹೀಗೇ ಹಾರಾಡುತ್ತಿದ್ದಳು. ತಪ್ಪಾಯಿತು ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಇನ್ನೊಂದು ಮಾತು ಹೊಳೆಯಿತು.

ಆ ಸಾಲನ್ನು ನಾನು ಯಾರಿಗೂ ಓದಿ ಹೇಳಿರಲಿಲ್ಲ. ಬರೆದಾಗ ಕೋಣೆಯಲ್ಲಿ ಇದ್ದವಳು ಈ ಹುಡುಗಿಯೊಬ್ಬಳೇ.

"ಆಯಿ, ಇದನ್ನ ನಿಮಗ ಯಾರ ಹೇಳಿದ್ರು?"

"ಯಾರ ಹೇಳ್ತಾರ? ಈಕೀನಽ ಸಂಜೀಕ ಬಂದು ಹೇಳಿದ್ಲು. ದೂರ ಹೋದ ಅಪ್ಪನ ಪಾಲು ಅಂತ ಬರದಿದ್ರು, ಆಮ್ಯಾಲ ಅಳಿಸಿದ್ರು ಅಂತ. ಎರಡ ದಿನ ಆತು, ಕೂಳ ಮುಟ್ಟವಲ್ಲಳು."

ನಾನು ಗೋಡೆಗೆ ಒರಗಿ ನಗತೊಡಗಿದೆ. ಮುದುಕಿಯ ಕಣ್ಣು ಕೆಂಪಾದವು. ಬಹುವಚನ ಹಾರಿಹೋಯಿತು. "ನಗತೀ? ತಪ್ಪ ಮಾಡಿ ಮ್ಯಾಲ ನಗತೀ?"

"ಆಯಿ, ಖರೇನಽ ತಪ್ಪಾತು, ಕಾಲಿಗೆ ಬೀಳ್ತೀನಿ. ಆದ್ರ ಆ ಸಾಲನ್ನ ಈಕಿ ಓದ್ಯಾಳ್ರಿ! ಯಾರೂ ಹೇಳಿಕೊಡಲಾರದನಽ ಓದ್ಯಾಳ!"

ಮುದುಕಿ ನಂಬಲಿಲ್ಲ. ಎಲ್ಲರೂ ತರಗತಿಯೊಳಗೆ ಬಂದೆವು. ಮೊದಲು ಅಳಿಸಿದ ಸಾಲನ್ನು ಹಲಗೆಯ ತುದಿಯಲ್ಲಿ, ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ ಬರೆದೆ. ಅವಸರದಲ್ಲಿ ಅದು ಮೊದಲಿಗಿಂತ ಸೊಟ್ಟಗಾಯಿತು, ಹಾಗೇ ಬಿಟ್ಟೆ. ಅದರ ಕೆಳಗೆ, ಹುಡುಗಿ ಎಂದೂ ಕಂಡಿರದ ಒಂದು ಸಾಲು ಬರೆದೆ: "ಆಯಿಯ ಕಂಬಳಿಯಿಂದ ನೀರು ಸೋರುತ್ತಿದೆ."

ಹುಡುಗಿ ಎಂದಿನಂತೆ ಹೆಬ್ಬೆರಳು ನೋಡಿದಳು. ಆಮೇಲೆ ಕತ್ತೆತ್ತಿ, ಇರುವೆಯ ದನಿಯಲ್ಲಿ, ಒಂದೊಂದೇ ಶಬ್ದವಾಗಿ ಓದಿದಳು. ಕೊನೆಯ ಶಬ್ದ ಮುಗಿಯುತ್ತಿದ್ದಂತೆ ಮುದುಕಿ ತನ್ನ ಕಂಬಳಿಯನ್ನೂ ಅದರಿಂದ ನೆಲದ ಮೇಲಾದ ನೀರನ್ನೂ ನೋಡಿಕೊಂಡಳು. "ಅಯ್ಯ ಶಿವನ! ನೋಡಿ ಬರದಂಗ ಐತಲ್ಲ!" ಅಂದಳು.

"ಓದಾಕ ಬರತಿದ್ರ ಇಷ್ಟ ದಿನಾ ಯಾಕ ಸುಮ್ಮನಿದ್ದೀ?" ನಾನು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಕೇಳಿದೆ.

"ಓದಿದ್ರ ಸಾಲಿ, ಇಲ್ಲಂದ್ರ ಕುರಿ ಅಂದಿದ್ಲಲ್ರಿ ಆಯಿ. ನನಗ ಅಪ್ಪನ ಕಡೆ ಹೋಗಬೇಕಾಗಿತ್ತು."

ಅಷ್ಟೂ ದಿನ ಅವಳು ಡಬ್ಬಿಯ ಚೀಟಿಗಳನ್ನೆಲ್ಲ ಕಣ್ಣಲ್ಲೇ ಓದುತ್ತಿದ್ದಳು, ಪಂಚಮಿ ಯಾವಾಗ ಬಂದೀತು ಅಂತ ಕಾಯುತ್ತಿದ್ದಳು. ಕಲಿತದ್ದನ್ನು ಬಚ್ಚಿಟ್ಟುಕೊಂಡಿದ್ದ ಹುಡುಗಿ ಅಪ್ಪನ ಪಾಲು ಅಳಿಸಿದ್ದನ್ನು ಮಾತ್ರ ತಾಳಲಾರದೆ ಸಿಕ್ಕಿಬಿದ್ದಿದ್ದಳು. ಆಯಿ ಅವಳನ್ನು ಒದ್ದೆ ಕಂಬಳಿಯೊಳಗೇ ಎಳೆದುಕೊಂಡಳು. ಆದರೆ ಮಾತು ಮುರಿಯುವ ಹೆಂಗಸಲ್ಲ ಅವಳು. "ಓದಿದಿ ಹೌದಿಲ್ಲೋ? ಸಾಲಿ ಅಂದ್ರ ಸಾಲಿ" ಅಂದಳು. ಹುಡುಗಿ ಅಳತೊಡಗಿದಳು. ನಾನು ಗೆದ್ದಿದ್ದೆ. ಗೆದ್ದ ಖುಷಿ ಮಾತ್ರ ಎಲ್ಲಿ ಹುಡುಕಿದರೂ ಸಿಗಲಿಲ್ಲ. ಒಂಬತ್ತು ವರ್ಷದ ಮಗು ಅಪ್ಪನ ಹತ್ತಿರ ಹೋಗಲು ದಡ್ಡಿ ಅನ್ನಿಸಿಕೊಂಡು ಇಷ್ಟು ದಿನ ಕೂತಿತ್ತು. ನನಗೆ ಅದು ಗೊತ್ತಾಗಿರಲಿಲ್ಲ.

ನನ್ನ ಚೀಲದಲ್ಲಿ ಯಾವಾಗಲೂ ಒಂದೆರಡು ಪೋಸ್ಟ್ ಕಾರ್ಡು ಇರುತ್ತಿದ್ದವು. ಒಂದನ್ನು ತೆಗೆದು ಅವಳ ಮುಂದಿಟ್ಟೆ. "ಅಪ್ಪಗ ಏನ ಹೇಳಬೇಕಾಗೈತಿ, ಅದನ್ನ ಇದರಾಗ ಬರಿ. ಅದು ಹೋಗಿ ಮುಟ್ಟತೈತಿ."

ಮಧ್ಯಾಹ್ನದವರೆಗೂ ಬರೆದಳು. ನಾನು ನೋಡಲಿಲ್ಲ. ನೋಡಿದರೆ ಗೆರೆ ಎಳೆದುಕೊಡುವ ಆಸೆ ಹುಟ್ಟುತ್ತದೆ ಅಂತ ಬೇಕೆಂದೇ ಮುಖ ತಿರುಗಿಸಿ ಕೂತಿದ್ದೆ. ಹಿಂಡು ಸಾಂಬ್ರಾದಾಚೆ ಯಾರ ಹೊಲದಲ್ಲಿ ತಂಗುತ್ತದೆ ಅಂತ ಆಯಿಗೆ ಗೊತ್ತಿತ್ತು. ಆ ರೈತರ ವಿಳಾಸ ಬರೆದು, ಸಂಜೆ ಖಾನಾಪುರ ಟೇಶನ್ನಿನ ಹತ್ತಿರದ ಡಬ್ಬಿಗೆ ಹಾಕಿದೆ. ಪಂಚಮಿ ಮುಗಿಸಿ ಬಂದ ದಿನ ಆಯಿ ಒಂದು ಅರಿವೆಯಲ್ಲಿ ಉಂಡೆ ಕಟ್ಟಿಕೊಂಡು ಬಂದು, "ದೇವರ ಪಾಲ ಆದಕೂಡ್ಲೆ ಅವಂದಽ ಎರದೀವ್ರಿ" ಅಂತ ನನಗೆ ಒಪ್ಪಿಸಿ ಹೋದಳು. ಬಹುವಚನ ತಿರುಗಿ ಬಂದಿತ್ತು.

ಕಾರ್ಡಿಗೆ ಉತ್ತರ ಬರಲಿಲ್ಲ. ಹುಡುಗಿ ಈಗ ಚೀಟಿ ಓದುತ್ತಿದ್ದಳು, ಓದಿ ಮುಗಿಸಿ "ಟಪಾಲ ಬಂತೇನ್ರಿ ಅಕ್ಕೋರ?" ಅಂತ ಕೇಳುತ್ತಿದ್ದಳು. ಗಣೇಶ ಚೌತಿ ಹೋಯಿತು, ದಸರೆ ಹೋಯಿತು. "ಆತಗ ಓದಾಕ ಬರೀಯಾಕ ಬರೂದಿಲ್ಲ, ಉತ್ತರಾ ಹೆಂಗ ಬರೀಬೇಕ್ರಿ?" ಅಂತ ಹೆಡ್ ಮಾಸ್ತರರು ಸಮಾಧಾನ ಹೇಳಿದರು. ನಾನು ಬರೆದ ವಿಳಾಸವೇ ತಪ್ಪಿರಬೇಕು ಅಂತ ನನಗೆ ಒಳಗೇ ಕೊರೆಯುತ್ತಿತ್ತು.

ದೀಪಾವಳಿಗೆ ಮೊದಲು ಒಂದು ಬೆಳಿಗ್ಗೆ ಶಾಲೆಯ ಮುಂದಿನ ದಾರಿ ತುಂಬ ಕುರಿಗಳ ಸದ್ದು. ಬಾಗಿಲಲ್ಲಿ ಬಿಸಿಲಿಗೆ ಸುಟ್ಟ ಒಬ್ಬ ಮನುಷ್ಯ ನಿಂತಿದ್ದ. ಕೋಲನ್ನೂ ಮೆಟ್ಟನ್ನೂ ಹೊರಗೆ ಬಿಟ್ಟು ಒಳಗೆ ಬಂದ. ಹುಡುಗಿ ಎದ್ದು ನಿಂತಳು, ಆದರೆ ಓಡಿ ಹೋಗಲಿಲ್ಲ, ತರಗತಿಯಲ್ಲಿದ್ದೇನೆ ಅನ್ನುವ ನೆನಪು. ಅವನು ರುಮಾಲಿನೊಳಗಿನಿಂದ ಪ್ಲಾಸ್ಟಿಕ್ಕಿನ ಹಾಳೆಯಲ್ಲಿ ಸುತ್ತಿದ ಕಾರ್ಡನ್ನು ತೆಗೆದ. ಅಂಚು ಸವೆದಿತ್ತು.

"ಮುಟ್ಟಿತ್ತಲ್ಲ! ಯಾರ ಕಡಿಂದರೆ ಓದಿಸಿದ್ರೇನು?" ಅಂದೆ.

"ಇಲ್ರೀ. ಹೊಲದ ಮಾಲಕರ ಮಗಾ ಕೊಡು, ಓದಿ ಹೇಳ್ತೀನಿ ಅಂದಾ. ನಾ ಕೊಡಲಿಲ್ಲ."

"ಯಾಕ?"

"ಬರದಾಕಿ ನನ್ನ ಮಗಳ ಅದಾಳಲ್ರಿ. ಆಕೀನಽ ಓದಿ ಹೇಳಲಿ ಅಂತ ಇಟಗೊಂಡೆ."

ಎರಡೂವರೆ ತಿಂಗಳು ಅವನು ಅದನ್ನು ತಲೆಯ ಮೇಲೆ ಹೊತ್ತು ತಿರುಗಿದ್ದ. ಹುಡುಗಿಯನ್ನು ಕೈಮಾಡಿ ಕರೆದೆ. ಅವಳು ಕಾರ್ಡು ಹಿಡಿದುಕೊಂಡಳು. ಸಾಲುಗಳು ಒಂದು ಮೇಲೆ ಹತ್ತಿ ಒಂದು ಕೆಳಗೆ ಇಳಿದು ಹೋಗಿದ್ದವು. ಬೆರಳಿಟ್ಟು, ಇಡೀ ತರಗತಿಗೆ ಕೇಳುವಂತೆ ಓದಿದಳು.

"ಅಪ್ಪಾ, ನಿನ್ನ ಪಾಲು ಮೊದಲ ಎರಿತೀವಿ. ಬೆಕ್ಕಿನ ಪಾಲು ಆಮ್ಯಾಲ. ನನಗ ಓದಾಕ ಬಂತು. ಅದಕ್ಕ ನಿನ್ನ ಕಡೆ ಬರಾಕ ಆಗೂದಿಲ್ಲ. ನೀನಽ ಬಾ."

ಅವನು ಕಾರ್ಡನ್ನು ನೋಡುತ್ತಿರಲಿಲ್ಲ, ಮಗಳ ಬಾಯಿಯನ್ನೇ ನೋಡುತ್ತಿದ್ದ. ಓದಿ ಮುಗಿದ ಮೇಲೆ ರುಮಾಲಿನ ತುದಿಯಿಂದ ಮುಖ ಒರೆಸಿಕೊಂಡು, "ಇನ್ನೊಮ್ಮೆ ಓದವಾ" ಅಂದ. ಅವಳು ಇನ್ನೊಮ್ಮೆ ಓದಿದಳು.